ಎರಡನೇ ಕಾರಾಗಿ ಹಳೇ ಮಿಯಾಟಾ: ಕೊಳ್ಳುವ ಮುಂಚೆ, ಕೊಂಡ ಮೇಲೆ

ಅಮೆರಿಕದಲ್ಲಿ ಸಂಸಾರಸ್ಥರ ಮನೆಯಲ್ಲಿ ಒಂದು ದೊಡ್ಡ ಕಾರು ಇದ್ದೇ ಇರುತ್ತದೆ. ಮಕ್ಕಳ ಶಾಲೆ, ದಿನಸಿ, ಊರಿಂದ ಬಂದ ಅಪ್ಪ ಅಮ್ಮನನ್ನು ವಿಮಾನ ನಿಲ್ದಾಣದಿಂದ ಕರೆತರುವುದು ಎಲ್ಲಾ ಅದರ ಪಾಲು. ಎರಡನೆಯದು ಬರೀ ಓಡಿಸುವ ಖುಷಿಗೆ ಇರಲಿ, ಟಾಪ್ ತೆಗೆಯುವಂತಿರಲಿ, ಜೇಬಿಗೂ ಭಾರವಾಗದಿರಲಿ ಅನ್ನುವವರು ಮೊದಲು ನೋಡಬೇಕಾದದ್ದು ಮಾಜ್ದಾ ಮಿಯಾಟಾ. 1989ರಲ್ಲಿ ಷಿಕಾಗೋ ಆಟೋ ಶೋನಲ್ಲಿ ಹೊರಬಂದ ಕಾರು. ಎರಡೇ ಸೀಟು, ಸುಮಾರು ಒಂದು ಟನ್ ತೂಕ, ರಿಯರ್ ವೀಲ್ ಡ್ರೈವ್. ಟಾಪನ್ನು ಕೈಯಲ್ಲೇ ಮಡಚಬೇಕು. ಮೋಟರ್ ಇಲ್ಲ, ಹಾಗಾಗಿ ಕೆಡುವ ಮೋಟರೂ ಇಲ್ಲ.

ಕಡಿಮೆ ದುಡ್ಡಿಗೆ ಸಿಗುವವು ಮೊದಲ ಎರಡು ತಲೆಮಾರಿನವು. ಹೆಡ್‌ಲೈಟ್ ಮೇಲೆದ್ದು ಬರುವುದು ಎನ್‌ಎ, 1990ರಿಂದ 1997ರ ಮಾಡೆಲ್. ಹೆಡ್‌ಲೈಟ್ ಒಂದೇ ಕಡೆ ಕೂತಿರುವುದು ಎನ್‌ಬಿ, 1999ರಿಂದ 2005. ಚೆಂದಕ್ಕೆ ಎನ್‌ಎ ಎಂದು ಎಲ್ಲರೂ ಹೇಳುತ್ತಾರೆ, ನಿಜವೂ ಹೌದು. ಆದರೆ ಬಳಕೆಗೆ ಎನ್‌ಬಿ ವಾಸಿ. ಅದರ ಹಿಂದಿನ ಕಿಟಕಿ ಗಾಜಿನದು, ಮಂಜು ಕರಗಿಸುವ ತಂತಿಯೂ ಇದೆ. ಎನ್‌ಎಯದು ಪ್ಲಾಸ್ಟಿಕ್. ಡಿಕ್ಕಿಯೂ ಎನ್‌ಬಿಯಲ್ಲಿ 5.1 ಘನ ಅಡಿ, ಎನ್‌ಎಯಲ್ಲಿ ಬರೀ 3.6.

ಕೊಳ್ಳಲು ಹೋದಾಗ ಎಷ್ಟು ಮೈಲಿ ಓಡಿದೆ ಎಂದು ಕೇಳುವ ಮೊದಲು ಮಂಡಿಯೂರಿ ಹಿಂದಿನ ಚಕ್ರದ ಮುಂಭಾಗ, ಬಾಗಿಲ ಕೆಳಗಿನ ಪಟ್ಟಿ ನೋಡಿ. ಎಂಜಿನ್ ಕೆಟ್ಟರೆ ಬೇರೆ ಸಿಗುತ್ತದೆ, ಲಡ್ಡು ಹಿಡಿದ ಬಾಡಿಗೆ ಮದ್ದಿಲ್ಲ. ಅಲ್ಲಿ ಪೇಂಟ್ ಗುಳ್ಳೆಯೆದ್ದಿದ್ದರೆ ತುಕ್ಕು ಒಳಗಿನಿಂದ ಹೊರಗೆ ಬಂದಿದೆ ಎಂದೇ ಲೆಕ್ಕ. ಕಾರಣ ಇಷ್ಟೇ: ಟಾಪಿನ ಹಿಂಬದಿಯಲ್ಲಿ ಬೀಳುವ ಮಳೆನೀರು ಒಂದು ಕಾಲುವೆಯಲ್ಲಿ ಹರಿದು, ಎಡಬಲ ಸೀಟ್‌ಬೆಲ್ಟ್ ಗೋಪುರಗಳ ಹಿಂದಿರುವ ಎರಡು ತೂತುಗಳಲ್ಲಿ ಇಳಿದು, ಹಿಂದಿನ ಚಕ್ರದ ಮುಂದೆ ನೆಲಕ್ಕೆ ಬೀಳಬೇಕು. ಎಲೆ, ಧೂಳು ಸೇರಿ ತೂತು ಕಟ್ಟಿದರೆ ಆ ನೀರು ಕಾರಿನೊಳಗೇ ಉಳಿಯುತ್ತದೆ. ಸೀಟಿನ ಹಿಂದಿನ ಕಾರ್ಪೆಟ್ ಒತ್ತಿ ನೋಡಿ, ಮೂಸಿ ನೋಡಿ. ಮುಗ್ಗಲು ವಾಸನೆ ಇದ್ದರೆ ಎಷ್ಟೇ ಹೊಳೆಯುವ ಪೇಂಟಿದ್ದರೂ ಬೇಡ. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳ ಎನ್‌ಬಿಯಾದರೆ ಕಾರಿನಡಿಯ ಮುಂದಿನ ಚಾಸಿ ರೈಲನ್ನೂ ಟಾರ್ಚ್ ಬಿಟ್ಟು ನೋಡಬೇಕು.

ಕೊಂಡ ದಿನವೇ ಮಾಡಬೇಕಾದ ಕೆಲಸವೂ ಈ ನೀರಿಳಿಯುವ ತೂತುಗಳದ್ದೇ. ಪ್ರತಿ ತೂತಿಗೆ ಅರ್ಧ ಲೀಟರ್ ನೀರು ನಿಧಾನವಾಗಿ ಹುಯ್ಯಿರಿ. ಕೆಳಗೆ ಅಷ್ಟೇ ವೇಗದಲ್ಲಿ ಬಂದರೆ ಸರಿ. ನಿಂತರೆ ಬಾಗುವ ನೈಲಾನ್ ಟ್ಯೂಬನ್ನು ತಿರುಗಿಸುತ್ತಾ ಒಳಗೆ ಬಿಡಿ. ಬಟ್ಟೆ ಹ್ಯಾಂಗರಿನ ತಂತಿ ಮಾತ್ರ ಬೇಡ, ಒಳಗಿನ ಕೊಳವೆ ತೂತಾದರೆ ಬಾಡಿಯೊಳಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ. ಮರಗಳ ಕೆಳಗೆ ನಿಲ್ಲಿಸುವವರು ಎಲೆ ಉದುರುವ ಕಾಲ ಮುಗಿದ ಕೂಡಲೇ ಇನ್ನೊಮ್ಮೆ ಮಾಡಲಿ.

ಎಂಜಿನ್ ಗಟ್ಟಿಮುಟ್ಟು, ಆದರೂ ಎರಡು ವಿಷಯ ಗೊತ್ತಿರಬೇಕು. 1990 ಮತ್ತು 1991ರ ಆರಂಭದ 1.6 ಲೀಟರ್ ಎಂಜಿನ್‌ಗಳಲ್ಲಿ ಕ್ರ್ಯಾಂಕ್ ಎಂಬ ತಿರುಗುವ ಮುಖ್ಯ ದಂಡದ ಮೂತಿ ಗಿಡ್ಡ. ಟೈಮಿಂಗ್ ಬೆಲ್ಟ್ ಬದಲಿಸಿದವರು ಮುಂದಿನ ಬೋಲ್ಟನ್ನು ಸರಿಯಾಗಿ ಬಿಗಿಮಾಡದಿದ್ದರೆ ಅಲ್ಲಿನ ಭಾಗಗಳು ಜಾರದಂತೆ ಹಿಡಿಯುವ ಪುಟ್ಟ ಲೋಹದ ಕೀ ಕೂರುವ ಜಾಗ ಸವೆದು ಎಂಜಿನ್ನಿನ ಟೈಮಿಂಗ್ ತಪ್ಪುತ್ತದೆ. ಕ್ರ್ಯಾಂಕ್ ಮೂತಿಯ ಪುಲ್ಲಿಯಲ್ಲಿ 4 ಸೀಳಿದ್ದರೆ ಗಿಡ್ಡ ಮೂತಿ, 8 ಇದ್ದರೆ ಉದ್ದದ್ದು. ಎಂಜಿನ್ ಓಡುವಾಗ ಪುಲ್ಲಿ ಓಲಾಡಿದರೆ ವಾಪಸ್ ಬನ್ನಿ. ಟೈಮಿಂಗ್ ಬೆಲ್ಟ್ 60,000 ಮೈಲಿಗೊಮ್ಮೆ. ಬದಲಿಸಿದ ರಸೀದಿ ಇಲ್ಲದಿದ್ದರೆ ಬದಲಿಸಿಯೇ ಇಲ್ಲ ಎಂದುಕೊಂಡು ಬೆಲೆ ಇಳಿಸಿ. ಬೆಲ್ಟ್ ಜೊತೆಗೇ ವಾಟರ್ ಪಂಪ್, ಟೆನ್ಷನರ್, ಐಡ್ಲರ್, ಮುಂದಿನ ಸೀಲುಗಳನ್ನೂ ಹಾಕಿಸಿ. ಬಿಚ್ಚುವ ಕೂಲಿ ಒಂದೇ. ಇನ್ನು ಕ್ಲಚ್ ಪೆಡಲ್ ನೆಲಕ್ಕೆ ಇಳಿದು ಗೇರ್ ಬೀಳದಿದ್ದರೆ ಕ್ಲಚ್ ಪ್ಲೇಟ್ ಹೋಯಿತೆಂದು ಗಾಬರಿಯಾಗಬೇಡಿ, ಮೊದಲು ಫ್ಲೂಯಿಡ್ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರಿನ ರಬ್ಬರ್ ಸರಿಸಿ ಒಳಗೆ ಫ್ಲೂಯಿಡ್ ಇದೆಯೇ ನೋಡಿ. ಈ ಕಾರಿನಲ್ಲಿ ಸೋರುವುದು ಅದೇ, ಅಗ್ಗದ ಭಾಗ. ರೇಡಿಯೇಟರಿನ ಕಪ್ಪು ಪ್ಲಾಸ್ಟಿಕ್ ತಲೆ ಕಂದು ಬಣ್ಣಕ್ಕೆ ತಿರುಗಿದ್ದರೆ ಒಡೆಯುವ ಮೊದಲೇ ಬದಲಿಸಿ.

ಬ್ಯಾಟರಿ ಇರುವುದು ಡಿಕ್ಕಿಯಲ್ಲಿ. ಅಲ್ಲಿಗೆ ಆಸಿಡ್ ಚೆಲ್ಲದಂತೆ ಮುಚ್ಚಿದ ಎಜಿಎಂ ಬ್ಯಾಟರಿಯೇ ಬೇಕು, ಅದರ ಗಾಳಿ ಹೊರಹೋಗುವ ಕೊಳವೆಗಳೂ ಸಿಕ್ಕಿಸಿರಬೇಕು. ಸಾಮಾನ್ಯ ಬ್ಯಾಟರಿ ಇಟ್ಟರೆ ಆಸಿಡ್ ಹಬೆಗೆ ಡಿಕ್ಕಿಯ ತಳ ತುಕ್ಕು ಹಿಡಿಯುತ್ತದೆ.

ಎನ್‌ಎಯಲ್ಲಿ ಟಾಪ್ ಇಳಿಸುವ ಕ್ರಮ ತಪ್ಪಬಾರದು. ಮೊದಲು ಹಿಂದಿನ ಕಿಟಕಿಯ ಜಿಪ್ ಬಿಚ್ಚಿ ಪ್ಲಾಸ್ಟಿಕ್ಕನ್ನು ಹಿಂದಕ್ಕೆ ಚಪ್ಪಟೆಯಾಗಿ ಮಲಗಿಸಿ, ಮೇಲೊಂದು ಮೆತ್ತನೆ ಟವೆಲ್ ಹಾಸಿ, ಆಮೇಲೆ ಎರಡು ಕೊಂಡಿ ಬಿಚ್ಚಿ ಮಡಚಿ. ಏರಿಸುವಾಗ ಉಲ್ಟಾ: ಕೊಂಡಿ ಮೊದಲು, ಜಿಪ್ ಕೊನೆಗೆ. ಜಿಪ್ ಬಿಚ್ಚದೆ ಮಡಚಿದರೆ ಪ್ಲಾಸ್ಟಿಕ್ ಮುರಿದ ಗೆರೆ ಬಿದ್ದು, ಚಳಿಯಲ್ಲಿ ಅದೇ ಗೆರೆಯಲ್ಲಿ ಸೀಳುತ್ತದೆ. ಚಳಿಯಲ್ಲಿ ಪ್ಲಾಸ್ಟಿಕ್ ಬಿರುಸಾಗಿರುವಾಗ ಇಳಿಸಲೇಬೇಡಿ. ಒದ್ದೆ ಟಾಪನ್ನೂ ಮಡಚಿಡಬೇಡಿ, ಬೂಸ್ಟು ಬರುತ್ತದೆ. ಕಿಟಕಿಗೆ ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಹಾಕಿದರೆ ಮಬ್ಬಾಗುತ್ತದೆ. ನೀರು, ಮೆತ್ತನೆ ಬಟ್ಟೆ ಸಾಕು. ಬ್ರಷ್ ತಿರುಗುವ ಕಾರ್‌ವಾಷ್‌ಗೆ ಒಯ್ಯಬೇಡಿ.

ಕೆಲಸ ಮುಗಿಸಿ ಬೆಂಗಳೂರಿಗೆ ಮರಳುವಾಗ ಜೊತೆಗೆ ಒಯ್ಯೋಣ ಎನ್ನುವ ಆಸೆ ಹಲವರಿಗಿದೆ. ಆಗದ ಮಾತು. ಭಾರತಕ್ಕೆ ತರುವ ಸೆಕೆಂಡ್ ಹ್ಯಾಂಡ್ ಕಾರು 3 ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟಿಯರಿಂಗ್ ಬಲಗಡೆ ಇರಬೇಕು. ಅಲ್ಲೇ ಮಾರಿ ಬರುವ ಲೆಕ್ಕದಲ್ಲಿ ರಸೀದಿಗಳನ್ನು ಜೋಡಿಸಿಡಿ, ಒಳ್ಳೆಯ ಬೆಲೆ ತರುವುದು ಅವೇ.

ಹಿಮ ಬೀಳುವ ಊರಲ್ಲಿ ನಾಲ್ಕು ತಿಂಗಳು ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿ, ಪೆಟ್ರೋಲ್ ಕೆಡದಂತೆ ಫ್ಯೂಯಲ್ ಸ್ಟೆಬಿಲೈಸರ್ ಹಾಕಿ, ಹತ್ತು ನಿಮಿಷ ಓಡಿಸಿ. ಎಂಜಿನ್ ಆಯಿಲ್ ಬದಲಿಸಿ. ಟಾಪ್ ಏರಿಸಿ ಕೊಂಡಿ ಹಾಕಿಯೇ ಇಡಿ, ಮಡಚಿಟ್ಟರೆ ಕುಗ್ಗಿ ಆಮೇಲೆ ಕೊಂಡಿಗೆ ಎಟುಕುವುದಿಲ್ಲ. ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿಟ್ಟು ಚಕ್ರಕ್ಕೆ ಅಡ್ಡ ಕೊಡಿ. ಬ್ಯಾಟರಿಗೆ, ಚಾರ್ಜ್ ಇಳಿಯದಂತೆ ಕಾಯುವ, ಎಜಿಎಂಗೆ ಹೊಂದುವ ಮೇಂಟೇನರ್ ಸಿಕ್ಕಿಸಿ.

ಟೈರಿನ ಗಾಳಿ ಕಂಪನಿ ಹೇಳುವುದು 26 ಪಿಎಸ್‌ಐ. ಟೈರ್ ಅಂಗಡಿಯವರು ರೂಢಿಯಂತೆ 32–35 ತುಂಬುತ್ತಾರೆ. ಇಷ್ಟು ಹಗುರದ ಕಾರು ಅಷ್ಟು ಗಾಳಿಗೆ ಕುಪ್ಪಳಿಸುತ್ತದೆ, ಹಿಡಿತವೂ ಕಡಿಮೆ. ಕಡಿಮೆ ಓಡುವ ಕಾರಿನ ಟೈರು ಸವೆಯುವ ಮೊದಲು ಮುದಿಯಾಗುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಡಾಟ್ (DOT) ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ: 2314 ಎಂದರೆ 2014ರ 23ನೇ ವಾರ. ಹತ್ತು ವರ್ಷ ದಾಟಿದ್ದರೆ ಗೆರೆ ಎಷ್ಟೇ ಆಳವಿದ್ದರೂ ನಾಲ್ಕನ್ನೂ ಬದಲಿಸಿ, ಆಮೇಲೆ ಘಾಟಿ ರಸ್ತೆ ಹತ್ತಿಸಿ.