ಮ್ಯಾಪ್ ಇಲ್ಲದೆ ಮಂಗಳೂರಿನ ದಾರಿ ಕಲಿಯುವುದು ಹೇಗೆ

ನಾನು ಮೆಡಿಕಲ್ ರೆಪ್. ದಿನವೂ ಸ್ಕೂಟರಲ್ಲಿ ಮಂಗಳೂರು ಸುತ್ತುವವನು. ಫೋನು ಎಡಕ್ಕೆ ಅಂದರೆ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ. ಎರಡು ವರ್ಷ ಹೀಗೇ ಹೋಯಿತು. ಒಂದು ಜೂನ್ ಸಂಜೆ ಬಿಜೈಯಲ್ಲಿ ಮಳೆಗೆ ಸಿಕ್ಕಿ ಫೋನ್ ಸತ್ತಿತು. ಮನೆ ಕಂಕನಾಡಿಯಲ್ಲಿ. ಮೂರು ಕಡೆ ದಾರಿ ಕೇಳಬೇಕಾಯಿತು ಮಾರಾಯ್ರೆ! "ಊರಿಗೆ ಹೊಸಬರಾ?" ಅಂದರು ರಿಕ್ಷಾದವರು.

ಆಮೇಲೆ ಕಲಿತದ್ದು ಹೀಗೆ.

ಮೊದಲು ಒಂದೇ ಒಂದು ದಾರಿ ಹಿಡಿಯಿರಿ. ನನ್ನದು ಹಂಪನಕಟ್ಟೆಯಿಂದ ಕೆ.ಎಸ್. ರಾವ್ ರಸ್ತೆ, ನವಭಾರತ ವೃತ್ತ, ಪಿವಿಎಸ್, ಬಲ್ಲಾಳ್‌ಬಾಗ್, ಲಾಲ್‌ಬಾಗ್, ಲೇಡಿಹಿಲ್. ಮೊದಲ ಸಲ ಮ್ಯಾಪ್ ಇರಲಿ, ಎರಡನೇ ಸಲ ಫೋನ್ ಡಿಕ್ಕಿಯಲ್ಲಿರಲಿ. ಪ್ರತಿ ತಿರುವಿನಲ್ಲಿ ಗಾಡಿ ಬದಿಗೆ ಹಾಕಿ ಒಂದು ಗುರುತು ನೋಡಿಕೊಳ್ಳಿ. ಫ್ಲೆಕ್ಸ್ ಬೇಡ, ವಾರಕ್ಕೊಮ್ಮೆ ಬದಲಾಗುತ್ತದೆ. ಹಳೇ ಮರ, ಕಟ್ಟಡ, ಏರು ರಸ್ತೆ, ಇಂಥದ್ದು.

ಗುರುತು ಯಾಕೆ ಅಂದರೆ, ಮಿದುಳಿನಲ್ಲಿ ಹಿಪೊಕ್ಯಾಂಪಸ್ ಅಂತ ಒಂದು ಭಾಗ ಉಂಟು. ನೋಡಲು ಕಡಲಕುದುರೆಯ ಹಾಗೆ, ಹೆಸರೂ ಅದರದ್ದೇ. ಅಲ್ಲಿನ ಕೆಲವು ಕೋಶಗಳು ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಚುರುಕಾಗುತ್ತವೆ. ಲಂಡನ್ನಿನಲ್ಲಿ ವಿಜ್ಞಾನಿ ಜಾನ್ ಓಕೀಫ್ 1971ರಲ್ಲಿ ಇದನ್ನು ಇಲಿಗಳಲ್ಲಿ ತೋರಿಸಿದರು. ಇಲಿಯ ಸುತ್ತಲಿನ ಗುರುತನ್ನು ತಿರುಗಿಸಿದರೆ ಆ ಕೋಶಗಳ ನಕ್ಷೆಯೂ ಜೊತೆಗೇ ತಿರುಗುತ್ತದೆ. ಗುರುತೇ ನಂಬಿಕೆಯದ್ದಲ್ಲದಿದ್ದರೆ ಪಾಪ ಕೋಶ ಏನು ಮಾಡೀತು?

ಇನ್ನು ದಿಕ್ಕು. ತಲೆ ಯಾವ ಕಡೆ ತಿರುಗಿದೆ ಅಂತ ಲೆಕ್ಕ ಇಡುವ ಕೋಶಗಳೇ ಬೇರೆ. ನಮಗೊಂದು ಅನುಕೂಲ ಉಂಟು, ಪಡುವಣಕ್ಕೆ ಯಾವಾಗಲೂ ಕಡಲು. ತಿರುಗಿದಾಗೆಲ್ಲ "ಈಗ ಕಡಲು ಯಾವ ಕೈಗೆ?" ಅಂತ ಕೇಳಿಕೊಳ್ಳಿ. ಲೇಡಿಹಿಲ್ ಕಡೆ ಹೋಗುವಾಗ ಎಡಗೈಗೆ. ನನಗೆ ಜಾಸ್ತಿ ಉಪಕಾರ ಆದದ್ದು ಇದೇ. ದೂರದ ಲೆಕ್ಕಕ್ಕೆ ಜೇನುಗೂಡಿನ ಹಾಗೆ ಆರು ಮೂಲೆಯ ಗೆರೆ ಹಾಕಿಕೊಳ್ಳುವ ಕೋಶಗಳೂ ಇವೆ. ನಾರ್ವೆಯ ಮೋಸರ್ ದಂಪತಿ 2005ರಲ್ಲಿ ಅವನ್ನು ಕಂಡುಹಿಡಿದರು. 2014ರಲ್ಲಿ ಓಕೀಫ್ ಸೇರಿ ಮೂವರಿಗೂ ನೊಬೆಲ್ ಬಂತು.

ರಾತ್ರಿ ಮಲಗುವ ಮೊದಲು ಆ ದಾರಿಯನ್ನು ಹಾಳೆಯಲ್ಲಿ ಬರೆಯಿರಿ. ಸೊಟ್ಟಗಿದ್ದರೂ ಪರವಾಗಿಲ್ಲ, ನಾನು ಮೊದಲ ದಿನ ಬಲ್ಲಾಳ್‌ಬಾಗನ್ನೇ ಬಿಟ್ಟಿದ್ದೆ. ಆಮೇಲೆ ಸರಿಯಾಗಿ ನಿದ್ದೆ ಮಾಡಿ. ಹಗಲು ಓಡಾಡಿದ ಜಾಗಗಳ ಕೋಶಗಳು ನಿದ್ದೆಯಲ್ಲಿ ಮತ್ತೆ ಮಿನುಗುವುದನ್ನು ಇಲಿಗಳಲ್ಲಿ ನೋಡಿದ್ದಾರೆ.

ದಾರಿ ಗಟ್ಟಿಯಾದ ಮೇಲೆ ಅದಕ್ಕೆ ಸಾಮಾನು ನೇತುಹಾಕಬಹುದು. ನಡೆದ ಸಂಗತಿಗಳ ನೆನಪಿಗೂ ಅದೇ ಹಿಪೊಕ್ಯಾಂಪಸ್ ಬೇಕು, ಅಲ್ವಾ? ಹೆಂಡತಿ ಹೇಳಿದ ಸಾಮಾನಿನ ಪಟ್ಟಿಯನ್ನು ನಾನೀಗ ಬರೆದುಕೊಳ್ಳುವುದಿಲ್ಲ, ಮನಸ್ಸಲ್ಲೇ ದಾರಿಯುದ್ದಕ್ಕೂ ಒಂದೊಂದಾಗಿ ಇಡುತ್ತೇನೆ. ಹಂಪನಕಟ್ಟೆಯಲ್ಲಿ ರಸ್ತೆಗೆ ಅಡ್ಡ ಕುಚ್ಚಲಕ್ಕಿ ಗೋಣಿ. ಪಿವಿಎಸ್ ಸಿಗ್ನಲ್‌ನಲ್ಲಿ ಜೋತುಬಿದ್ದ ತೊಂಡೆಕಾಯಿ. ಲಾಲ್‌ಬಾಗ್‌ನ ಮಳೆನೀರಲ್ಲಿ ಈಜುವ ಬಂಗುಡೆ. ಎಷ್ಟು ಹುಚ್ಚಾಟದ ಚಿತ್ರವೋ ಅಷ್ಟು ಒಳ್ಳೆಯದು. ಅಂಗಡಿ ಎದುರು ನಿಂತು ಮನಸ್ಸಲ್ಲೇ ಸ್ಕೂಟರ್ ಬಿಟ್ಟರಾಯಿತು.

ಮೊನ್ನೆ ಕೊತ್ತಂಬರಿ ಸೊಪ್ಪು ಮಾತ್ರ ಬಿಟ್ಟುಹೋಯಿತು. ಅದನ್ನು ಇಟ್ಟದ್ದು ಲೇಡಿಹಿಲ್‌ನಲ್ಲಿ. ನಾನು ಲಾಲ್‌ಬಾಗಿಂದಲೇ ವಾಪಸ್ ತಿರುಗಿದ್ದೆ.