ಎಲೆಕ್ಟ್ರಾನ್ ವಿನ್ಯಾಸ ಬರೆಯುವ ಕ್ರಮ: ತುಂಬುವುದು ಮತ್ತು ತೆಗೆಯುವುದು

ಹತ್ತನೆಯ ತರಗತಿಯವರೆಗೆ ಪೊಟ್ಯಾಸಿಯಂ ಪರಮಾಣುವಿನ ಎಲೆಕ್ಟ್ರಾನ್ ವಿನ್ಯಾಸವನ್ನು 2, 8, 8, 1 ಎಂದು ಬರೆದ ವಿದ್ಯಾರ್ಥಿಗೆ ಪಿಯುಸಿ ಮೊದಲ ವರ್ಷದಲ್ಲಿ ಒಂದು ನ್ಯಾಯವಾದ ಸಂದೇಹ ಬರಬೇಕು. ಮೂರನೆಯ ಕವಚ 18 ಎಲೆಕ್ಟ್ರಾನ್‌ಗಳನ್ನು ಹಿಡಿಯಬಲ್ಲದು ಎಂದು ಕಲಿತ ಮೇಲೆ, ಅದು ಎಂಟಕ್ಕೇ ನಿಂತು ಹತ್ತೊಂಬತ್ತನೆಯ ಎಲೆಕ್ಟ್ರಾನ್ ನಾಲ್ಕನೆಯ ಕವಚಕ್ಕೆ ಹೋಗುವುದೇಕೆ? ಈ ಪ್ರಶ್ನೆಗೆ ಉತ್ತರ ತಿಳಿದವರು ಯಾವ ಧಾತುವಿನ ವಿನ್ಯಾಸವನ್ನಾದರೂ ತಾವೇ ಕಟ್ಟಬಲ್ಲರು. ತಿಳಿಯದವರು ಪಟ್ಟಿಯನ್ನು ಬಾಯಿಪಾಠ ಮಾಡಬೇಕಾಗುತ್ತದೆ. ಹಾಸನ ಮತ್ತು ಚಿಕ್ಕಮಗಳೂರಿನ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಅನುಕೂಲವೂ ಇದೆ. ಈ ಪಾಠದಲ್ಲಿ ಸುಲಭವಾಗಿ ತಪ್ಪಬಹುದಾದ ಕಬ್ಬಿಣ, ಕ್ರೋಮಿಯಂ, ತಾಮ್ರ ಮತ್ತು ಸತು ಈ ನಾಲ್ಕೂ ಧಾತುಗಳು ಅವರ ಜಿಲ್ಲೆಗಳ ಬೆಟ್ಟ, ಗಣಿ ಮತ್ತು ತೋಟಗಳಲ್ಲಿಯೇ ಇವೆ.

ಮೊದಲು ಬೇಕಾದ ಪದಗಳನ್ನು ಚುಟುಕಾಗಿ ನೋಡೋಣ. ಪ್ರತಿಯೊಂದು ಕವಚಕ್ಕೂ ಪ್ರಧಾನ ಕ್ವಾಂಟಮ್ ಸಂಖ್ಯೆಯೊಂದಿದೆ. ಅದು ಎನ್, ಅದರ ಬೆಲೆ 1, 2, 3, 4 ಎಂದು ಏರುತ್ತದೆ. ಕವಚದೊಳಗೆ ಉಪಕವಚಗಳಿವೆ, ಅವುಗಳನ್ನು ಗುರುತಿಸುವ ಸಂಖ್ಯೆ ಎಲ್. ಎಲ್ ಬೆಲೆ 0 ಆದರೆ ಎಸ್, 1 ಆದರೆ ಪಿ, 2 ಆದರೆ ಡಿ, 3 ಆದರೆ ಎಫ್ ಉಪಕವಚ. ಇವುಗಳಲ್ಲಿ ಕ್ರಮವಾಗಿ 1, 3, 5 ಮತ್ತು 7 ಆರ್ಬಿಟಲ್‌ಗಳಿವೆ. ಒಂದು ಆರ್ಬಿಟಲ್‌ನಲ್ಲಿ ಎರಡಕ್ಕಿಂತ ಹೆಚ್ಚು ಎಲೆಕ್ಟ್ರಾನ್‌ಗಳು ಇರಲಾರವು; ಆದ್ದರಿಂದ ಉಪಕವಚಗಳ ಗರಿಷ್ಠ ಮಿತಿ 2, 6, 10 ಮತ್ತು 14. ಮೂರನೆಯ ಕವಚದಲ್ಲಿ ಎಸ್, ಪಿ, ಡಿ ಮೂರೂ ಇರುವುದರಿಂದ 2 + 6 + 10 ಸೇರಿ 18 ಆಗುತ್ತದೆ. ಆರ್ಬಿಟಲ್ ಎಂದರೆ ಎಲೆಕ್ಟ್ರಾನ್ ಸುತ್ತುವ ದಾರಿಯೆಂದು ಭಾವಿಸಬಾರದು. 1913ರಲ್ಲಿ ನೀಲ್ಸ್ ಬೋರ್ ಕೊಟ್ಟ ವೃತ್ತಾಕಾರದ ಕಕ್ಷೆಗಳು ಹೈಡ್ರೋಜನ್ನಿನ ರೋಹಿತವನ್ನು ವಿವರಿಸಿದರೂ ಹೆಚ್ಚು ಎಲೆಕ್ಟ್ರಾನ್‌ಗಳಿರುವ ಪರಮಾಣುಗಳಿಗೆ ಸಾಲಲಿಲ್ಲ. 1926ರ ಶ್ರೋಡಿಂಗರ್ ಸಮೀಕರಣದಿಂದ ಬಂದ ಆರ್ಬಿಟಲ್, ಎಲೆಕ್ಟ್ರಾನ್ ಎಲ್ಲೆಲ್ಲಿ ಎಷ್ಟು ಸಂಭಾವ್ಯತೆಯಿಂದ ಸಿಗಬಹುದು ಎಂಬುದನ್ನು ತಿಳಿಸುತ್ತದೆ.

ತುಂಬುವ ಕ್ರಮವನ್ನು ನಿರ್ಧರಿಸಲು ಎನ್ ಮತ್ತು ಎಲ್ ಬೆಲೆಗಳನ್ನು ಕೂಡಿಸಿ. ಮೊತ್ತ ಕಡಿಮೆ ಇರುವ ಉಪಕವಚ ಮೊದಲು ತುಂಬುತ್ತದೆ. ಮೊತ್ತ ಸಮನಾದರೆ ಎನ್ ಕಡಿಮೆ ಇರುವುದು ಮೊದಲು. 4ಎಸ್‌ಗೆ ಮೊತ್ತ 4 + 0 = 4; 3ಡಿಗೆ 3 + 2 = 5; 4ಪಿಗೆ 4 + 1 = 5. ಆದ್ದರಿಂದ 4ಎಸ್ ಮೊದಲು, ಅನಂತರ 3ಡಿ, ಆಮೇಲೆ 4ಪಿ. ಹೀಗೆಯೇ ಮುಂದುವರಿಸಿದರೆ 1ಎಸ್, 2ಎಸ್, 2ಪಿ, 3ಎಸ್, 3ಪಿ, 4ಎಸ್, 3ಡಿ, 4ಪಿ, 5ಎಸ್, 4ಡಿ, 5ಪಿ, 6ಎಸ್, 4ಎಫ್, 5ಡಿ, 6ಪಿ, 7ಎಸ್ ಎಂಬ ಸಾಲು ದೊರೆಯುತ್ತದೆ. ಓರೆ ಬಾಣಗಳ ಚಿತ್ರವನ್ನು ನೆನಪಿಟ್ಟುಕೊಳ್ಳುವುದಕ್ಕಿಂತ ಈ ಕೂಡುವಿಕೆಯೇ ಮೇಲು. ಪರೀಕ್ಷೆಯ ಆತಂಕದಲ್ಲಿ ಚಿತ್ರ ಮರೆತುಹೋಗಬಹುದು, ಎರಡು ಸಣ್ಣ ಸಂಖ್ಯೆಗಳನ್ನು ಕೂಡಿಸುವುದು ಮರೆಯುವುದಿಲ್ಲ.

ಈ ನಿಯಮದ ಹಿಂದಿನ ಕಾರಣವನ್ನು ತಿಳಿಯದೆ ಮುಂದೆ ಹೋಗಬೇಡಿ. ಹೊರಗಿನ ಎಲೆಕ್ಟ್ರಾನ್‌ಗೆ ನ್ಯೂಕ್ಲಿಯಸ್ಸಿನ ಧನಾವೇಶ ಪೂರ್ತಿಯಾಗಿ ತಟ್ಟುವುದಿಲ್ಲ, ಏಕೆಂದರೆ ನಡುವಿನ ಎಲೆಕ್ಟ್ರಾನ್‌ಗಳು ಅದನ್ನು ಮರೆಮಾಡುತ್ತವೆ. ಎಸ್ ಆರ್ಬಿಟಲ್‌ನ ಎಲೆಕ್ಟ್ರಾನ್ ಬಹುಪಾಲು ದೂರದಲ್ಲಿದ್ದರೂ ನ್ಯೂಕ್ಲಿಯಸ್ಸಿನ ತೀರ ಹತ್ತಿರವೂ ಅದು ಸಿಗುವ ಸಂಭಾವ್ಯತೆ ಸ್ವಲ್ಪ ಇದೆ. ಅಂದರೆ ಅದು ಮರೆಯೊಳಗೆ ನುಗ್ಗಿ ಹೆಚ್ಚಿನ ಸೆಳೆತವನ್ನು ಅನುಭವಿಸುತ್ತದೆ. ಡಿ ಆರ್ಬಿಟಲ್‌ಗೆ ಹಾಗೆ ನುಗ್ಗುವ ಗುಣ ಬಹಳ ಕಡಿಮೆ. ಹೀಗಾಗಿ ಪೊಟ್ಯಾಸಿಯಂ ಮತ್ತು ಕ್ಯಾಲ್ಸಿಯಂಗಳಲ್ಲಿ 4ಎಸ್‌ನ ಶಕ್ತಿ 3ಡಿಗಿಂತ ಕೆಳಗಿರುತ್ತದೆ. 2, 8, 8, 1 ಎಂಬ ಹಳೆಯ ಉತ್ತರ ಸರಿಯಾಗಿಯೇ ಇತ್ತು. ಅದರ ಕಾರಣ ಮಾತ್ರ ಆ ತರಗತಿಯಲ್ಲಿ ಹೇಳುವಂಥದ್ದಾಗಿರಲಿಲ್ಲ.

ಈಗ ಕಬ್ಬಿಣದ ವಿನ್ಯಾಸವನ್ನು ಬರೆಯೋಣ. ಪರಮಾಣು ಸಂಖ್ಯೆ 26. ತಟಸ್ಥ ಪರಮಾಣುವಿನಲ್ಲಿ ಎಲೆಕ್ಟ್ರಾನ್‌ಗಳೂ ಅಷ್ಟೇ. ಸಾಲನ್ನು ಹಿಡಿದು ತುಂಬುತ್ತ ಬಂದರೆ 1ಎಸ್² 2ಎಸ್² 2ಪಿ⁶ 3ಎಸ್² 3ಪಿ⁶ ಎಂಬಲ್ಲಿಗೆ (ಮೇಲಿನ ಸಣ್ಣ ಅಂಕಿ ಆ ಉಪಕವಚದ ಎಲೆಕ್ಟ್ರಾನ್‌ಗಳ ಸಂಖ್ಯೆ) 18 ಮುಗಿಯುತ್ತವೆ. ಇದು ಆರ್ಗಾನ್‌ನ ವಿನ್ಯಾಸವೂ ಹೌದಾದ್ದರಿಂದ ಈ ಭಾಗಕ್ಕೆ [ಆರ್ಗಾನ್] ಎಂದು ಬರೆದರೆ ಸಾಕು. ಉಳಿದ ಎಂಟರಲ್ಲಿ ಎರಡು 4ಎಸ್‌ಗೆ, ಆರು 3ಡಿಗೆ. ತುಂಬಿಸಿದ ಮೇಲೆ ಕೊನೆಯಲ್ಲಿ ಬರೆಯುವಾಗ ಕವಚಗಳ ಕ್ರಮದಲ್ಲಿಯೇ, ಅಂದರೆ [ಆರ್ಗಾನ್] 3ಡಿ⁶ 4ಎಸ್² ಎಂದು ಬರೆಯುವ ಅಭ್ಯಾಸ ಮಾಡಿಕೊಳ್ಳಿ. ಇದರ ಲಾಭ ಅಯಾನುಗಳ, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡು ಅಥವಾ ಪಡೆದು ಆವೇಶ ಹೊಂದಿದ ಪರಮಾಣುಗಳ ಬಳಿ ತಿಳಿಯುತ್ತದೆ.

ಮುಂದಿನ ಹೆಜ್ಜೆ ಚೌಕಗಳ ಚಿತ್ರ. ಒಂದು ಆರ್ಬಿಟಲ್‌ಗೆ ಒಂದು ಚೌಕ, ಒಂದು ಎಲೆಕ್ಟ್ರಾನ್‌ಗೆ ಒಂದು ಬಾಣ. ಒಂದೇ ಪರಮಾಣುವಿನ ಯಾವ ಎರಡು ಎಲೆಕ್ಟ್ರಾನ್‌ಗಳಿಗೂ ನಾಲ್ಕು ಕ್ವಾಂಟಮ್ ಸಂಖ್ಯೆಗಳೂ (ಎನ್, ಎಲ್, ಆರ್ಬಿಟಲ್ ಯಾವುದೆಂದು ಹೇಳುವ ಸಂಖ್ಯೆ, ಮತ್ತು ಬಾಣದ ದಿಕ್ಕಿನಿಂದ ತೋರಿಸುವ ಸ್ಪಿನ್) ಒಂದೇ ಆಗಿರಲಾರವು ಎಂದು ವುಲ್ಫ್‌ಗಾಂಗ್ ಪೌಲಿ 1925ರಲ್ಲಿ ತಿಳಿಸಿದರು. ಈ ತತ್ವಕ್ಕಾಗಿ ಅವರಿಗೆ 1945ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಒಂದು ಚೌಕದೊಳಗಿನ ಎರಡು ಬಾಣಗಳಲ್ಲಿ ಒಂದು ಮೇಲ್ಮುಖ, ಇನ್ನೊಂದು ಕೆಳಮುಖ ಆಗಿರಲೇಬೇಕಾದುದು ಇದರಿಂದ. ಎರಡನೆಯದು ಹುಂಡ್ ನಿಯಮ: ಸಮಾನ ಶಕ್ತಿಯ ಆರ್ಬಿಟಲ್‌ಗಳಲ್ಲಿ ಎಲೆಕ್ಟ್ರಾನ್‌ಗಳು ಮೊದಲು ಒಂದೊಂದಾಗಿ, ಒಂದೇ ದಿಕ್ಕಿನ ಸ್ಪಿನ್‌ನೊಂದಿಗೆ ಹರಡಿಕೊಳ್ಳುತ್ತವೆ, ಅನಂತರವಷ್ಟೇ ಜೋಡಿಯಾಗುತ್ತವೆ. ಋಣಾವೇಶಗಳು ಪರಸ್ಪರ ದೂಡುವುದರಿಂದ ಬೇರೆ ಬೇರೆ ಆರ್ಬಿಟಲ್‌ಗಳಲ್ಲಿರುವುದು ಅವುಗಳಿಗೆ ಕಡಿಮೆ ಶಕ್ತಿಯ ಸ್ಥಿತಿ. ಕಬ್ಬಿಣದ 3ಡಿ⁶ಗೆ ಐದು ಚೌಕಗಳನ್ನು ಬರೆದು, ಮೊದಲು ಐದು ಮೇಲ್ಮುಖ ಬಾಣಗಳನ್ನು ಹಾಕಿ, ಆರನೆಯದನ್ನು ಮೊದಲ ಚೌಕದಲ್ಲಿ ಕೆಳಮುಖವಾಗಿ ಹಾಕಿ. ಜೋಡಿಯಾಗದ ಎಲೆಕ್ಟ್ರಾನ್‌ಗಳು ನಾಲ್ಕು ಉಳಿದವು.

ಕ್ರೋಮಿಯಂ ಮತ್ತು ತಾಮ್ರಗಳು ಈ ಸಾಲನ್ನು ಮುರಿಯುತ್ತವೆ. ಚನ್ನರಾಯಪಟ್ಟಣದ ಕಡೆಯ ನುಗ್ಗೇಹಳ್ಳಿ ಶಿಲಾಪಟ್ಟಿಯಲ್ಲಿ, ಬೈರಾಪುರದ ಗಣಿಯಲ್ಲಿ ದೊರೆಯುವ ಕ್ರೋಮೈಟ್ ಅದಿರಿನ ಮುಖ್ಯ ಲೋಹ ಕ್ರೋಮಿಯಂ, ಪರಮಾಣು ಸಂಖ್ಯೆ 24. ನಿಯಮದಂತೆ 3ಡಿ⁴ 4ಎಸ್² ಆಗಬೇಕಿತ್ತು. ವಾಸ್ತವದಲ್ಲಿ 3ಡಿ⁵ 4ಎಸ್¹. ತಾಮ್ರ 29, ಅದರದು 3ಡಿ¹⁰ 4ಎಸ್¹. ಇಲ್ಲಿ 3ಡಿ ಮತ್ತು 4ಎಸ್‌ಗಳ ಶಕ್ತಿ ಬಹಳ ಹತ್ತಿರವಿದೆ. ಒಂದು ಎಲೆಕ್ಟ್ರಾನ್ 4ಎಸ್‌ನಿಂದ 3ಡಿಗೆ ಸರಿದರೆ ಒಂದೇ ಸ್ಪಿನ್‌ನ ಎಲೆಕ್ಟ್ರಾನ್‌ಗಳ ನಡುವಣ ವಿನಿಮಯ ಶಕ್ತಿಯಿಂದ ಪರಮಾಣುವಿಗೆ ಹೆಚ್ಚಿನ ಸ್ಥಿರತೆ ದೊರೆಯುತ್ತದೆ. ಅರ್ಧ ತುಂಬಿದ ಅಥವಾ ಪೂರ್ತಿ ತುಂಬಿದ ಉಪಕವಚ ಸ್ಥಿರ ಎಂದು ಪಾಠದಲ್ಲಿ ಓದುವುದು ಇದನ್ನೇ. ಆದರೆ ಆ ಮಾತನ್ನು ಎಲ್ಲೆಡೆ ಅನ್ವಯಿಸಬೇಡಿ ಎಂದು ಒತ್ತಿ ಹೇಳಬೇಕಾಗಿದೆ. ಕ್ರೋಮಿಯಂನ ಗುಂಪಿನಲ್ಲಿಯೇ ಇರುವ ಟಂಗ್‌ಸ್ಟನ್‌ನ ವಿನ್ಯಾಸ 5ಡಿ⁴ 6ಎಸ್²; ಅರ್ಧ ತುಂಬುವ ಅವಕಾಶ ಅದಕ್ಕೂ ಇತ್ತು, ಆದರೂ ಹಾಗಾಗಲಿಲ್ಲ. ಆದ್ದರಿಂದ ಮೊದಲ ಡಿ ಸಾಲಿನ, ಅಂದರೆ 3ಡಿ ತುಂಬುವ ಧಾತುಗಳ ಸಾಲಿನ ಈ ಎರಡನ್ನು ನೆನಪಿಡಿ, ಉಳಿದವನ್ನು ನಿಯಮದಿಂದ ಬರೆಯಿರಿ.

ಅತಿ ಹೆಚ್ಚು ತಪ್ಪಾಗುವುದು ಅಯಾನುಗಳಲ್ಲಿ. ಕೊನೆಗೆ ಸೇರಿದ್ದು ಮೊದಲು ಹೋಗುತ್ತದೆ ಎಂದು ಊಹಿಸಿ, ಎರಡು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣದ +2 ಅಯಾನನ್ನು 3ಡಿ⁴ 4ಎಸ್² ಎಂದು ಬರೆಯುವುದು ತಪ್ಪು. ಸ್ಕ್ಯಾಂಡಿಯಂನಿಂದ ಮುಂದೆ ನ್ಯೂಕ್ಲಿಯಸ್ಸಿನ ಆವೇಶ ಏರಿದಂತೆಲ್ಲ 3ಡಿ ಆರ್ಬಿಟಲ್‌ಗಳು ಒಳಕ್ಕೆ ಕುಗ್ಗಿ, ಶಕ್ತಿಯಲ್ಲಿ 4ಎಸ್‌ಗಿಂತ ಕೆಳಗಿಳಿಯುತ್ತವೆ. 4ಎಸ್‌ನ ಎಲೆಕ್ಟ್ರಾನ್‌ಗಳೇ ಹೊರಗಿರುವುದರಿಂದ ಅವೇ ಮೊದಲು ಹೋಗುತ್ತವೆ. ತಟಸ್ಥ ಪರಮಾಣುವಿನ ವಿನ್ಯಾಸವನ್ನು ಮೊದಲು ಪೂರ್ತಿಯಾಗಿ ಬರೆಯಿರಿ. ಅನಂತರ ಎನ್ ಬೆಲೆ ಅತಿ ಹೆಚ್ಚಿರುವ ಕವಚದಿಂದ ತೆಗೆಯಿರಿ. ಕವಚಗಳ ಕ್ರಮದಲ್ಲಿ ಬರೆದಿದ್ದರೆ ಬಲತುದಿಯಿಂದ ತೆಗೆಯುತ್ತ ಬಂದರಾಯಿತು. ಕಬ್ಬಿಣದ +2 ಅಯಾನು [ಆರ್ಗಾನ್] 3ಡಿ⁶, +3 ಅಯಾನು [ಆರ್ಗಾನ್] 3ಡಿ⁵.

ಈ ಎರಡೂ ಅಯಾನುಗಳು ಒಟ್ಟಿಗೆ ಇರುವ ಅದಿರು ಕುದುರೆಮುಖದ ಮ್ಯಾಗ್ನೆಟೈಟ್. ಸುಪ್ರೀಂ ಕೋರ್ಟಿನ ಆದೇಶದಂತೆ ಅಲ್ಲಿನ ಗಣಿಗಾರಿಕೆ 2005ರ ಅಂತ್ಯಕ್ಕೆ ನಿಂತಿತು. ಅದಿರಿನ ರಸಾಯನವಂತೂ ಪಾಠಕ್ಕೆ ಇಂದಿಗೂ ಒದಗುತ್ತದೆ. ಅದರ ಅಣುಸೂತ್ರದಲ್ಲಿ ಮೂರು ಕಬ್ಬಿಣ, ನಾಲ್ಕು ಆಕ್ಸಿಜನ್. ಮೂರು ಕಬ್ಬಿಣಗಳಲ್ಲಿ ಒಂದು +2, ಎರಡು +3. ಚೌಕಗಳನ್ನು ಬರೆದು ನೋಡಿದರೆ +2ರಲ್ಲಿ ಜೋಡಿಯಾಗದ ನಾಲ್ಕು ಎಲೆಕ್ಟ್ರಾನ್‌ಗಳು, +3ರಲ್ಲಿ ಐದು. ಮ್ಯಾಗ್ನೆಟೈಟ್ ಅಯಸ್ಕಾಂತಕ್ಕೆ ಅಂಟಿಕೊಳ್ಳುವ ಗುಣದ ಮೂಲ ಈ ಒಂಟಿ ಎಲೆಕ್ಟ್ರಾನ್‌ಗಳಲ್ಲಿದೆ.

ತೋಟದ ಮಕ್ಕಳಿಗೆ ಇನ್ನೊಂದು ನಿದರ್ಶನ ಕಣ್ಣೆದುರೇ ಇದೆ. ಅಡಿಕೆಯ ಕೊಳೆರೋಗಕ್ಕೆ ಮಳೆಗಾಲದಲ್ಲಿ ಸಿಂಪಡಿಸುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ ಬೇಕು. ಮೈಲುತುತ್ತ ನೀಲಿ; ಕಾಫಿ ಗಿಡಗಳಿಗೆ ಸಿಂಪಡಿಸುವ ಸತುವಿನ ಸಲ್ಫೇಟ್ ಬಿಳಿ. ಎರಡೂ ಸಲ್ಫೇಟುಗಳೇ, ತಾಮ್ರ ಮತ್ತು ಸತು ಆವರ್ತ ಕೋಷ್ಟಕದಲ್ಲಿ ಅಕ್ಕಪಕ್ಕದವೇ. ವಿನ್ಯಾಸ ಬರೆದರೆ ವ್ಯತ್ಯಾಸ ಕಾಣುತ್ತದೆ: ತಾಮ್ರದ +2 ಅಯಾನು 3ಡಿ⁹, ಸತುವಿನದು 3ಡಿ¹⁰. ಸುತ್ತಲಿನ ನೀರಿನ ಅಣುಗಳ ಪ್ರಭಾವದಿಂದ ತಾಮ್ರದ ಐದು ಡಿ ಆರ್ಬಿಟಲ್‌ಗಳ ಶಕ್ತಿ ಒಂದೇ ಮಟ್ಟದಲ್ಲಿ ಉಳಿಯುವುದಿಲ್ಲ. ಕೆಳಗಿನ ಮಟ್ಟದ ಎಲೆಕ್ಟ್ರಾನ್ ಕೆಂಪು ಭಾಗದ ಬೆಳಕನ್ನು ಹೀರಿ ಮೇಲಿನ ಖಾಲಿ ಸ್ಥಾನಕ್ಕೆ ಏರುತ್ತದೆ, ಉಳಿದ ಬೆಳಕು ನಮಗೆ ನೀಲಿಯಾಗಿ ಕಾಣುತ್ತದೆ. ಸತುವಿನಲ್ಲಿ ಡಿ ಉಪಕವಚ ಪೂರ್ತಿ ತುಂಬಿರುವುದರಿಂದ ಏರಲು ಸ್ಥಳವೇ ಇಲ್ಲ. ಮೈಲುತುತ್ತವನ್ನು ಪ್ರಯೋಗಾಲಯದಲ್ಲಿ ಕಾಯಿಸಿ ನೀರನ್ನು ಓಡಿಸಿದರೆ ಅದೂ ಬಿಳಿಯಾಗುತ್ತದೆ; ಬಣ್ಣಕ್ಕೆ 3ಡಿ⁹ ಒಂದೇ ಸಾಲದು, ಸುತ್ತಲಿನ ನೀರಿನ ಅಣುಗಳೂ ಬೇಕು.

ಅಭ್ಯಾಸಕ್ಕೆ ಬೈರಾಪುರದ ಕ್ರೋಮೈಟನ್ನೇ ತೆಗೆದುಕೊಳ್ಳಿ. ಅದರಲ್ಲಿ ಕಬ್ಬಿಣ +2 ಆಗಿಯೂ ಕ್ರೋಮಿಯಂ +3 ಆಗಿಯೂ ಇವೆ. ಕಬ್ಬಿಣದ್ದು ಮೇಲೆ ಬಂದಿದೆ. ಕ್ರೋಮಿಯಂಗೆ 3ಡಿ⁵ 4ಎಸ್¹ರಿಂದ ಆರಂಭಿಸಿ, 4ಎಸ್‌ನ ಒಂದನ್ನು ಮೊದಲು ತೆಗೆದು, ಉಳಿದ ಎರಡನ್ನು 3ಡಿಯಿಂದ ತೆಗೆಯಿರಿ. [ಆರ್ಗಾನ್] 3ಡಿ³ ಮತ್ತು ಜೋಡಿಯಾಗದ ಮೂರು ಎಲೆಕ್ಟ್ರಾನ್‌ಗಳು ಬಂದರೆ ಉತ್ತರ ಸರಿ. 3ಡಿ² 4ಎಸ್¹ ಬಂದಿದ್ದರೆ ಡಿಯಿಂದ ಮೊದಲು ತೆಗೆದಿದ್ದೀರಿ, ಅಯಾನುಗಳ ಭಾಗವನ್ನು ಮತ್ತೊಮ್ಮೆ ಓದಿ ಮ್ಯಾಂಗನೀಸ್‌ನ +2 ಅಯಾನನ್ನು ಬರೆದು ನೋಡಿ. ಅದರ ಪರಮಾಣು ಸಂಖ್ಯೆ 25, ಬರಬೇಕಾದ ಉತ್ತರ [ಆರ್ಗಾನ್] 3ಡಿ⁵.