ಕ್ಯಾನ್ಸರ್ ರಿಪೋರ್ಟು ತಲಪಾಡಿ ದಾಟುವ ಮುನ್ನ

ಕಾಸರಗೋಡಿನವರಿಗೆ ಕ್ಯಾನ್ಸರ್ ಎಂದರೆ ಓಡಾಟ. ತಪಾಸಣೆ ಊರಲ್ಲಿ, ಆಪರೇಷನ್ ಮಂಗಳೂರಲ್ಲಿ, ಕಿಮೋ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿನಲ್ಲಿ. ಎಲ್ಲ ಕಡೆ ಮೊದಲು ಕೇಳುವುದು ಪೆಥಾಲಜಿ ರಿಪೋರ್ಟು, ಅಂದರೆ ಮೈಯಿಂದ ತೆಗೆದ ತುಂಡನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಬರೆದ ವರದಿ. ನಮ್ಮ ಚಿಕ್ಕಮ್ಮನದ್ದು ಕಥೆಯ ಹಾಗೆ ಒಂದೂವರೆ ಪುಟ ಇತ್ತು. ಕೊಯ್ದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯಾ ಎಂಬ ಒಂದು ಸಾಲು ಮಾತ್ರ ಇರಲಿಲ್ಲ. ಸ್ಲೈಡು (ತುಂಡಿನ ತೆಳು ಪದರ ಅಂಟಿಸಿದ ಗಾಜು) ತಂದು ಮತ್ತೆ ನೋಡಿಸಲು ಹತ್ತು ದಿನ ಹೋಯಿತು.

ಇದಕ್ಕೆ ಮದ್ದು 'ಸಿನಾಪ್ಟಿಕ್' ರಿಪೋರ್ಟು. ಒಂದೊಂದು ಪ್ರಶ್ನೆಗೆ ಒಂದೊಂದು ಸಾಲು, ಎದುರಿಗೆ ಉತ್ತರ. ಯಾವ ಕ್ಯಾನ್ಸರಿಗೆ ಏನೇನು ಬರೆಯಲೇಬೇಕು ಎಂದು ಅಮೆರಿಕದ ಪೆಥಾಲಜಿಸ್ಟರ ಕಾಲೇಜು ಎಂಬ ಸಂಘ ಪಟ್ಟಿ ಮಾಡಿದೆ. ಕಂಪ್ಯೂಟರಿನಲ್ಲಿ ತುಂಬಿದರೆ ಉತ್ತರಕ್ಕೆ ಕೋಡು ಕೂಡ ಸೇರಿಸಬಹುದು. ಸ್ತನಕ್ಕೆ ಸಿ50, ಅಲ್ಲಿ ಹೆಚ್ಚಾಗಿ ಕಾಣುವ ಡಕ್ಟಲ್ (ಹಾಲಿನ ನಾಳದ) ಕ್ಯಾನ್ಸರಿಗೆ 8500/3. ಕೊನೆಯ 3 ಎಂದರೆ ಸುತ್ತಲಿನ ಭಾಗಕ್ಕೆ ನುಗ್ಗಿದೆ. 2 ಇದ್ದರೆ ಇನ್ನೂ ಹುಟ್ಟಿದಲ್ಲೇ ಇದೆ. ಈ ಕೋಡಿಗೆ ಮಲಯಾಳ, ಕನ್ನಡ ಎಂಬ ಭೇದವಿಲ್ಲ.

ನಾವು ಮಾಡಬೇಕಾದ್ದು ಶುರುವಾಗುವುದು ಹೆಸರಿನಿಂದ. ರೇಷನ್ ಕಾರ್ಡಿನಲ್ಲಿ ನಾರಾಯಣನ್, ಆಧಾರಿನಲ್ಲಿ ನಾರಾಯಣ ಕೆ., ಮಂಗಳೂರಿನ ಫೈಲಿನಲ್ಲಿ ನಾರಾಯಣ ರೈ. ನಮ್ಮ ಕಡೆ ಇದು ಮಾಮೂಲು, ಅಲ್ವಾ? ಕಂಪ್ಯೂಟರಿಗೆ ಅವರು ಮೂವರು. ಹಾಗಾಗಿ ಎಲ್ಲ ಕಡೆ ಒಂದೇ ಸ್ಪೆಲ್ಲಿಂಗ್ ಬರೆಸಿ. ಸರ್ಕಾರದ ಆರೋಗ್ಯ ಗುರುತಿನ 14 ಅಂಕಿಯ ಆಭಾ ನಂಬರ್ ಇದ್ದರೆ ಅದನ್ನೂ ಕೊಡಿ. ಆಮೇಲೆ ತಪ್ಪು ಕಂಡರೆ ಪೆನ್ನಿನಲ್ಲಿ ತಿದ್ದಬೇಡಿ, ಲ್ಯಾಬಿನಿಂದಲೇ ಹೊಸ ಪ್ರತಿ ತರಿಸಿ.

ಎರಡನೆಯದು ತೆಗೆದ ತುಂಡು ಇರುವ ಬಾಟ್ಲಿ. ಲ್ಯಾಬಿಗೆ ಒಯ್ಯಲು ನಿಮ್ಮ ಕೈಗೇ ಕೊಟ್ಟರೆ ಅದೇ ದಿನ ಮುಟ್ಟಿಸಿ. ತುಂಡು ಕೆಡದಂತೆ ಹಾಕುವ ದ್ರವ ಫಾರ್ಮಲಿನ್. ಸ್ತನದ ತುಂಡು ಫಾರ್ಮಲಿನ್‌ನಲ್ಲಿ 6 ಗಂಟೆಗಿಂತ ಕಡಿಮೆಯೂ 72 ಗಂಟೆಗಿಂತ ಜಾಸ್ತಿಯೂ ಇರಬಾರದು. ಇಲ್ಲದಿದ್ದರೆ ಯಾವ ಮದ್ದು ನಾಟೀತು ಎಂದು ತಿಳಿಸುವ ಇಆರ್, ಪಿಆರ್, ಹರ್-2 ಪರೀಕ್ಷೆಯ ಉತ್ತರವನ್ನು ನಂಬುವುದು ಕಷ್ಟ. ತುಂಡು ತೆಗೆದ ಹೊತ್ತು ಮತ್ತು ಜಾಗ, ಎಡವೋ ಬಲವೋ ಎಂಬುದು ಫಾರ್ಮಿನಲ್ಲಿ ಇದೆಯಾ ನೋಡಿ.

ರಿಪೋರ್ಟು ಕೈಗೆ ಬಂದಾಗ ಕೌಂಟರಿನಲ್ಲೇ ಓದಿ. ಆಪರೇಷನ್ ನಂತರದ್ದಾದರೆ ಗಡ್ಡೆಯ ಅಳತೆ, ಗ್ರೇಡ್ (ಕಣಗಳು ಸಹಜಕ್ಕಿಂತ ಎಷ್ಟು ಬೇರೆಯಾಗಿವೆ ಎಂಬುದು), ಅಂಚು, ನೋಡಿದ ಲಿಂಫ್ ಗಂಟುಗಳು ಎಷ್ಟು, ಅವುಗಳಲ್ಲಿ ರೋಗ ಇದ್ದದ್ದು ಎಷ್ಟು, ಪಿಟಿ-ಪಿಎನ್ ಹಂತ (ಪಿಟಿ ಗಡ್ಡೆಯದ್ದು, ಪಿಎನ್ ಗಂಟುಗಳದ್ದು): ಇಷ್ಟು ಇರಬೇಕು. ಬರೀ ಸೂಜಿ ಬಯಾಪ್ಸಿಯಲ್ಲಿ ಅಂಚು, ಗಂಟುಗಳ ಲೆಕ್ಕ ಸಿಗುವುದಿಲ್ಲ, ಸುಮ್ನೆ ಗಾಬರಿಯಾಗಬೇಡಿ.

ವಾಟ್ಸಾಪಿನ ಮಸುಕು ಫೋಟೋ ಬೇಡ, ಪಿಡಿಎಫ್ ಕೇಳಿ. ನಿಜ ಹೇಳಬೇಕೆಂದರೆ ಪಿಡಿಎಫ್ ಕೂಡ ಕಣ್ಣಿಗೆ ಮಾತ್ರ. ಕೋಡು ಹಾಕಿದ ಮಾಹಿತಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹೋದರೇ ರೋಗಿಗಳ ಲೆಕ್ಕ ಇಡುವ ಕ್ಯಾನ್ಸರ್ ನೋಂದಣಿಯವರು ಮತ್ತೆ ಟೈಪ್ ಮಾಡುವುದು ತಪ್ಪುತ್ತದೆ. ಆದರೂ 2020ರ ಕೊರೊನಾ ಹೊತ್ತಿನಲ್ಲಿ ಕಾಸರಗೋಡು-ಮಂಗಳೂರು ನಡುವಿನ ತಲಪಾಡಿ ಗಡಿ ಮುಚ್ಚಿದ್ದನ್ನು ನೆನೆದರೆ, ಫೋನಿನಲ್ಲಿ ಪಿಡಿಎಫ್ ಇರುವುದೇ ಒಂದು ಧೈರ್ಯ.

ಬೇರೆ ಆಸ್ಪತ್ರೆಗೆ ಹೊರಟಿದ್ದರೆ ಸ್ಲೈಡು, ಬ್ಲಾಕು ಕೂಡ ಕೇಳಿ ಪಡೆಯಿರಿ. ಅವನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ಬ್ಲಾಕು ಎಂದರೆ ತುಂಡನ್ನು ಹುದುಗಿಸಿಟ್ಟ ಮೇಣ, ಮೆತ್ತಗಾಗುತ್ತದೆ.